ಬೆಳಗಿನ ಜಾವ ಓದಿದ್ದು ನಿಜಕ್ಕೂ ನೆನಪಿರುತ್ತದೆಯೇ? ಒಂದು ನಂಬಿಕೆಯನ್ನು ಪರೀಕ್ಷೆಗೆ ಒಡ್ಡುವ ಬಗೆ

ದಾವಣಗೆರೆಯಲ್ಲಿ ಓದುವ ಮಕ್ಕಳಿರುವ ಯಾವ ಮನೆಗೆ ಹೋದರೂ ಒಂದು ಮಾತು ಕೇಳಿಬರುತ್ತದೆ: ಬೆಳಗಿನ ಜಾವ ಎದ್ದು ಓದಿದ್ದು ತಲೆಗೆ ಹತ್ತುತ್ತದೆ, ರಾತ್ರಿ ನಿದ್ದೆಗೆಟ್ಟು ಓದಿದ್ದು ನಿಲ್ಲುವುದಿಲ್ಲ. ವಿದ್ಯಾನಗರದಲ್ಲಿ ಮನೆ ಮಾಡಿಕೊಂಡು ಮಕ್ಕಳನ್ನು ಓದಿಸುತ್ತಿರುವ ತಾಯಂದಿರೂ, ಜಗಳೂರಿನ ಕಡೆಯ ಹಳ್ಳಿಗಳಿಂದ ಮಕ್ಕಳನ್ನು ಹಾಸ್ಟೆಲಿಗೆ ಸೇರಿಸಿ ಹೋಗುವ ತಂದೆಯರೂ ಇದನ್ನು ಒಂದೇ ಖಚಿತತೆಯಿಂದ ಹೇಳುತ್ತಾರೆ. ಪರೀಕ್ಷೆ ಹತ್ತಿರ ಬಂದಂತೆ ನಸುಕಿನಲ್ಲೇ ಗಂಟೆ ಬಾರಿಸಿ ಮಕ್ಕಳನ್ನು ಎಬ್ಬಿಸುವ ಹಾಸ್ಟೆಲುಗಳೂ ಇವೆ. ನಾನು ಪದವಿ ತರಗತಿಗಳಿಗೆ ಮನಃಶಾಸ್ತ್ರ ಪಾಠ ಮಾಡುವ ಅಧ್ಯಾಪಕಿ. ಸಂಶೋಧನಾ ವಿಧಾನಗಳ ಅಧ್ಯಾಯ ಬಂದಾಗ ನಾನು ಈ ಮಾತನ್ನೇ ಕಪ್ಪುಹಲಗೆಯ ಮೇಲೆ ಬರೆದು, ಇದು ನಿಜವೋ ಸುಳ್ಳೋ ಎಂದು ಕೇಳದೆ, ನಿಜವೋ ಸುಳ್ಳೋ ಎಂಬುದನ್ನು ತಿಳಿಯುವುದು ಹೇಗೆ ಎಂದು ಕೇಳುತ್ತೇನೆ.

ಪಠ್ಯಪುಸ್ತಕಗಳಲ್ಲಿ ಅವಲೋಕನ, ವ್ಯಕ್ತಿ ಅಧ್ಯಯನ, ಸಮೀಕ್ಷೆ, ಸಹಸಂಬಂಧ, ಪ್ರಯೋಗ ಎಂದು ವಿಧಾನಗಳ ಹೆಸರುಗಳನ್ನು ಕೊಟ್ಟು, ಪ್ರತಿಯೊಂದರ ಕೆಳಗೆ ಗುಣಗಳನ್ನೂ ದೋಷಗಳನ್ನೂ ಬರೆದಿರುತ್ತಾರೆ. ವಿದ್ಯಾರ್ಥಿಗಳು ಅದನ್ನು ಬಾಯಿಪಾಠ ಮಾಡಿ ಐದು ಅಂಕಕ್ಕೆ ಬರೆದು ಬರುತ್ತಾರೆ. ಹಾಗೆ ಕಲಿತದ್ದರಿಂದ ವಿಧಾನಗಳ ಜೀವಾಳ ತಿಳಿಯುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಮನುಷ್ಯ ತನ್ನ ನಂಬಿಕೆಗೆ ಅನುಕೂಲವಾದುದನ್ನು ಕಾಣುತ್ತಾನೆ, ಉಳಿದುದನ್ನು ಮರೆಯುತ್ತಾನೆ. ಹೀಗೆ ಮೋಸಹೋಗುವ ದಾರಿಗಳು ಹಲವು. ಒಂದೊಂದು ವಿಧಾನವೂ, ವಿಧಾನದೊಳಗಿನ ಒಂದೊಂದು ನಿಯಮವೂ, ಅಂಥ ಒಂದೊಂದು ದಾರಿಯನ್ನು ಮುಚ್ಚುವುದಕ್ಕಾಗಿಯೇ ಹುಟ್ಟಿಕೊಂಡದ್ದು. ಯಾವ ನಿಯಮ ಯಾವ ಮೋಸವನ್ನು ತಡೆಯುತ್ತದೆ ಎಂದು ತಿಳಿದವರಿಗೆ ಪಟ್ಟಿಯನ್ನು ನೆನಪಿಟ್ಟುಕೊಳ್ಳುವ ಅಗತ್ಯವೇ ಬೀಳುವುದಿಲ್ಲ.

ಮೊದಲ ಕೆಲಸವೆಂದರೆ ಮಾತನ್ನು ಅಳೆಯಬಹುದಾದ ಪ್ರಶ್ನೆಯಾಗಿ ಮಾಡಿಕೊಳ್ಳುವುದು. ಬೆಳಗಿನ ಜಾವವೆಂದರೆ ಎಷ್ಟು ಹೊತ್ತಿಗೆ? ಓದುವುದೆಂದರೆ ಕಣ್ಣಾಡಿಸುವುದೋ, ಗಟ್ಟಿಯಾಗಿ ಓದುವುದೋ, ಬರೆದು ಕಲಿಯುವುದೋ? ತಲೆಗೆ ಹತ್ತುವುದೆಂದರೆ ಓದಿ ಎದ್ದ ಕೂಡಲೇ ಹೇಳಬಲ್ಲುದೋ, ವಾರ ಕಳೆದ ಮೇಲೂ ಹೇಳಬಲ್ಲುದೋ? ಕೊನೆಯ ಪ್ರಶ್ನೆ ಸಣ್ಣದಲ್ಲ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಅಮೆರಿಕದ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕೆಲವು ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಮತ್ತೊಮ್ಮೆ ಓದಿದರು, ಉಳಿದವರು ಓದಿದ್ದನ್ನು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರು ಶೇ. 81, ನೆನಪಿನಿಂದ ಬರೆದವರು ಶೇ. 75 ಭಾಗವನ್ನು ಹೇಳಿದರು. ವಾರ ಕಳೆದು ಪರೀಕ್ಷಿಸಿದಾಗ ಲೆಕ್ಕ ತಿರುವುಮುರುವಾಯಿತು: ಮತ್ತೆ ಓದಿದವರದು ಶೇ. 42, ನೆನಪಿನಿಂದ ಬರೆದವರದು ಶೇ. 56. ಯಾವಾಗ ಅಳೆಯುತ್ತೇವೆ ಎಂಬುದರ ಮೇಲೆ ಉತ್ತರವೇ ಬದಲಾಗುವುದಾದರೆ, ಅಳತೆಯ ಗಳಿಗೆಯನ್ನು ಮೊದಲೇ ನಿಗದಿಪಡಿಸದೆ ಮಾಡುವ ವಾದಕ್ಕೆ ಅರ್ಥವಿಲ್ಲ. ಆದ್ದರಿಂದ ನಮ್ಮ ತರಗತಿಯಲ್ಲಿ ನಂಬಿಕೆ ಹೀಗೆ ರೂಪ ಪಡೆಯಿತು: ಒಟ್ಟು ನಿದ್ದೆಯೂ ಓದಿನ ಅವಧಿಯೂ ಸಮನಾಗಿದ್ದಾಗ, ನಸುಕಿನಲ್ಲಿ ಓದಿದ ಗದ್ಯಭಾಗ ರಾತ್ರಿ ಓದಿದ್ದಕ್ಕಿಂತ ವಾರದ ನಂತರ ಹೆಚ್ಚು ನೆನಪಿರುತ್ತದೆ. ಇದಕ್ಕೆ ಪ್ರಾಕ್ಕಲ್ಪನೆ ಎನ್ನುತ್ತೇವೆ. ಸುಳ್ಳೆಂದು ತೋರಿಸಲು ಸಾಧ್ಯವಿರುವ ಹಾಗೆ ಬರೆದಿರುವುದೇ ಅದರ ಮುಖ್ಯ ಲಕ್ಷಣ.

ಕೆಲವರು ಕೇಳುತ್ತಾರೆ: ಇಷ್ಟೆಲ್ಲ ಏಕೆ, ನನ್ನ ಅನುಭವದಲ್ಲೇ ನನಗೆ ಗೊತ್ತಿಲ್ಲವೇ? ಮನಃಶಾಸ್ತ್ರವೂ ಅಲ್ಲಿಂದಲೇ ಆರಂಭವಾಯಿತು. ವಿಲ್ಹೆಲ್ಮ್ ವುಂಟ್ 1879ರಲ್ಲಿ ಜರ್ಮನಿಯ ಲೈಪ್ಸಿಗ್‌ನಲ್ಲಿ ಪ್ರಯೋಗಾಲಯ ತೆರೆದಾಗ, ತರಬೇತಿ ಪಡೆದವರು ತಮ್ಮ ಅನುಭವವನ್ನು ತಾವೇ ಗಮನಿಸಿ ವರದಿ ಮಾಡುವ ಅಂತರವಲೋಕನಕ್ಕೆ ಅಲ್ಲಿ ಮುಖ್ಯ ಸ್ಥಾನವಿತ್ತು. ಅದರ ತೊಡಕೆಂದರೆ ಇಬ್ಬರ ವರದಿಗಳು ಬೇರೆಯಾದಾಗ ಯಾರದು ಸರಿ ಎಂದು ತೀರ್ಮಾನಿಸಲು ಹೊರಗಿನ ಅಳತೆಗೋಲು ಇರಲಿಲ್ಲ. ಹರ್ಮನ್ ಎಬಿಂಗ್‌ಹೌಸ್ ಇದಕ್ಕೊಂದು ದಾರಿ ಕಂಡುಕೊಂಡ. ಆತನೂ ತನ್ನೊಬ್ಬನ ಮೇಲೆಯೇ ಪ್ರಯೋಗ ಮಾಡಿಕೊಂಡ, ಆದರೆ ನೆನಪಿದೆ ಎನಿಸುತ್ತದೆಯೇ ಎಂದು ತನ್ನನ್ನು ಕೇಳಿಕೊಳ್ಳಲಿಲ್ಲ. ಅರ್ಥವಿಲ್ಲದ ಅಕ್ಷರಗುಚ್ಛಗಳ ಪಟ್ಟಿಯನ್ನು ಕಲಿತು, ಕಾಲ ಕಳೆದ ಮೇಲೆ ಅದನ್ನೇ ಮತ್ತೆ ಕಲಿಯಲು ಎಷ್ಟು ಸಮಯ ಉಳಿಯಿತು ಎಂದು ಲೆಕ್ಕ ಹಾಕಿದ. 1885ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ ಉಳಿತಾಯ 20 ನಿಮಿಷಕ್ಕೆ ಶೇ. 58ರಷ್ಟು, ಒಂದು ದಿನಕ್ಕೆ ಶೇ. 34ರಷ್ಟು, ಒಂದು ತಿಂಗಳಿಗೆ ಶೇ. 21ರಷ್ಟು. ಅನಿಸಿಕೆಯ ಜಾಗದಲ್ಲಿ ಗಡಿಯಾರವನ್ನು ತಂದು ಕೂರಿಸಿದ್ದು ಆತನ ದೊಡ್ಡ ಕೊಡುಗೆ.

ನಮ್ಮ ರಾಜ್ಯದಲ್ಲೂ ಈ ಪರಂಪರೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗ 1924ರಲ್ಲೇ ಆರಂಭವಾಯಿತು. ಅದನ್ನು ಕಟ್ಟಿದವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿಯವರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಆಕಾಶವಾಣಿ ಎಂಬ ಹೆಸರಿನ ಬಾನುಲಿ ಕೇಂದ್ರವನ್ನು ಆರಂಭಿಸಿದವರೆಂದು ಅವರನ್ನು ಹೆಚ್ಚು ಜನ ಬಲ್ಲರು. ಕರ್ನಾಟಕದಲ್ಲಿ ಮನಸ್ಸನ್ನು ಪ್ರಯೋಗಾಲಯಕ್ಕೆ ತಂದವರಲ್ಲಿ ಅವರೇ ಮೊದಲಿಗರು ಎಂಬುದನ್ನು ನಮ್ಮ ವಿದ್ಯಾರ್ಥಿಗಳೂ ತಿಳಿದಿರಬೇಕು.

ಇನ್ನು ಪತ್ರಿಕೆಗಳತ್ತ ನೋಡೋಣ. ಫಲಿತಾಂಶದ ಮರುದಿನ ಹೆಚ್ಚು ಅಂಕ ಗಳಿಸಿದವರ ಸಂದರ್ಶನಗಳು ಬರುತ್ತವೆ. ಬೆಳಿಗ್ಗೆ ನಾಲ್ಕಕ್ಕೆ ಏಳುತ್ತಿದ್ದೆ ಎಂಬ ಸಾಲು ಅವುಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತದೆ, ಅದನ್ನೇ ಸಾಕ್ಷ್ಯವೆಂದು ಮನೆಮನೆಯಲ್ಲಿ ಓದಿ ಹೇಳುತ್ತಾರೆ. ಇಲ್ಲಿ ಕಾಣದಿರುವುದು ಏನೆಂದರೆ, ನಾಲ್ಕಕ್ಕೆ ಎದ್ದೂ ಸಾಮಾನ್ಯ ಅಂಕ ಪಡೆದವರನ್ನು ಯಾರೂ ಸಂದರ್ಶಿಸುವುದಿಲ್ಲ. ಏಳಕ್ಕೆ ಎದ್ದು ಒಳ್ಳೆಯ ಅಂಕ ಪಡೆದವರು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುವುದಿಲ್ಲ. ನಾಲ್ಕು ಬಗೆಯ ಜನರಿರುವಲ್ಲಿ ಒಂದೇ ಬಗೆಯವರನ್ನು ನೋಡಿ ತೀರ್ಮಾನಕ್ಕೆ ಬರುತ್ತಿದ್ದೇವೆ. ನನ್ನ ತರಗತಿಯಲ್ಲಿ ಯಾರಾದರೂ ಉದಾಹರಣೆ ಕೊಟ್ಟ ಕೂಡಲೇ ಉಳಿದವರು ‘ಯಾರಿಗೆ ಹೋಲಿಸಿ?’ ಎಂದು ಕೇಳಬೇಕು ಎಂಬ ರೂಢಿ ಮಾಡಿದ್ದೇನೆ. ಈ ಎರಡು ಪದಗಳ ಪ್ರಶ್ನೆ ಬಾಯಿಗೆ ಬಂದರೆ ಅರ್ಧ ಅಧ್ಯಾಯ ಕಲಿತಂತೆಯೇ.

ಹಾಗೆಂದು ಒಬ್ಬ ವ್ಯಕ್ತಿಯ ಅಧ್ಯಯನಕ್ಕೆ ಬೆಲೆಯಿಲ್ಲವೆಂದಲ್ಲ. 1953ರಲ್ಲಿ ಅಮೆರಿಕದಲ್ಲಿ ಹೆನ್ರಿ ಮೊಲೈಸನ್ ಎಂಬಾತನಿಗೆ ಮೂರ್ಛೆರೋಗದ ಚಿಕಿತ್ಸೆಗಾಗಿ ಮಿದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್ ಭಾಗವನ್ನು ಬಹುಮಟ್ಟಿಗೆ ತೆಗೆದರು. ಆಮೇಲೆ ಆತನಿಗೆ ಹೊಸ ಘಟನೆಗಳು ನೆನಪಿನಲ್ಲಿ ಉಳಿಯದಾದವು. ಆದರೆ ಬ್ರೆಂಡಾ ಮಿಲ್ನರ್ ಆತನಿಗೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಎಳೆಯುವ ಕೆಲಸ ಕೊಟ್ಟಾಗ, ಹಿಂದೆ ಅದನ್ನು ಮಾಡಿದ್ದೇ ನೆನಪಿಲ್ಲದ ಆ ಮನುಷ್ಯನ ಕೈ ದಿನದಿಂದ ದಿನಕ್ಕೆ ಪಳಗಿತು. ನೆನಪು ಒಂದೇ ಬಗೆಯದಲ್ಲ ಎಂಬುದಕ್ಕೆ ಈ ಒಬ್ಬ ವ್ಯಕ್ತಿ ಕೊಟ್ಟ ಪುರಾವೆ ಬಲವಾದದ್ದು. ಹೀಗೆ ಇರಲು ಸಾಧ್ಯ ಎಂದು ತೋರಿಸಲು ಒಬ್ಬರು ಸಾಕು. ಸಾಮಾನ್ಯವಾಗಿ ಹೀಗೇ ಇರುತ್ತದೆ ಎನ್ನಲು ಒಬ್ಬರು ಸಾಲುವುದಿಲ್ಲ. ಪತ್ರಿಕೆಯ ಸಂದರ್ಶನವನ್ನು ಓದುವ ಪೋಷಕರು ಎರಡನೆಯದನ್ನು ಹುಡುಕುತ್ತಿರುತ್ತಾರೆ.

ಹಾಸ್ಟೆಲಿಗೇ ಹೋಗಿ ನೋಡಿದರೆ? ಅವಲೋಕನ ಎಂಬುದು ಸುಮ್ಮನೆ ನೋಡುವುದಲ್ಲ. ಐದು ನಿಮಿಷಕ್ಕೊಮ್ಮೆ ಪ್ರತಿ ವಿದ್ಯಾರ್ಥಿ ಏನು ಮಾಡುತ್ತಿದ್ದಾನೆ ಎಂಬುದನ್ನು ಮೊದಲೇ ಗೊತ್ತುಮಾಡಿದ ವರ್ಗಗಳಲ್ಲಿ ಗುರುತು ಹಾಕಬೇಕು: ಪುಸ್ತಕದ ಮೇಲೆ ಕಣ್ಣಿದೆ, ಬರೆಯುತ್ತಿದ್ದಾನೆ, ಪುಸ್ತಕ ತೆರೆದಿದೆ ಆದರೆ ಕಣ್ಣು ಮುಚ್ಚಿದೆ, ಮಾತಾಡುತ್ತಿದ್ದಾನೆ, ಜಾಗದಲ್ಲಿಲ್ಲ. ಇಬ್ಬರು ಬೇರೆ ಬೇರೆ ಕುಳಿತು ಗುರುತು ಹಾಕಿ, ಆಮೇಲೆ ಎರಡೂ ಹಾಳೆಗಳನ್ನು ತಾಳೆ ನೋಡಬೇಕು. ನಮ್ಮ ವಿದ್ಯಾರ್ಥಿಗಳು ಗ್ರಂಥಾಲಯದಲ್ಲಿ ಇದನ್ನು ಅಭ್ಯಾಸ ಮಾಡುವಾಗ ಮೊದಲ ಭಿನ್ನಾಭಿಪ್ರಾಯ ಹುಟ್ಟಿದ್ದು ಪೆನ್ನು ಕೈಯಲ್ಲಿ ಹಿಡಿದು ಕಿಟಕಿಯಾಚೆ ನೋಡುತ್ತಿದ್ದ ಹುಡುಗಿಯ ಬಗ್ಗೆ. ಒಬ್ಬರು ಯೋಚಿಸುತ್ತಿದ್ದಾಳೆ ಎಂದು ಬರೆದರು, ಮತ್ತೊಬ್ಬರು ಓದುತ್ತಿಲ್ಲ ಎಂದು ಬರೆದರು. ಯೋಚಿಸುವುದು ಕಣ್ಣಿಗೆ ಕಾಣುವ ಕ್ರಿಯೆಯಲ್ಲ. ಆ ವರ್ಗವನ್ನೇ ಹಾಳೆಯಿಂದ ತೆಗೆಯಬೇಕಾಯಿತು. ಕಂಡದ್ದನ್ನೂ ಊಹಿಸಿದ್ದನ್ನೂ ಬೇರ್ಪಡಿಸುವ ಶಿಸ್ತು ಹೀಗೆ ಕೈಯಿಂದ ಮಾಡಿಯೇ ಬರಬೇಕು. ಇದರ ಜೊತೆಗೆ, ವಾರ್ಡನ್ ಪಕ್ಕದಲ್ಲಿ ಹಾಳೆ ಹಿಡಿದು ಕುಳಿತ ಅಪರಿಚಿತರನ್ನು ಕಂಡ ಮಕ್ಕಳು ಎಂದಿನಂತೆ ಇರುವುದಿಲ್ಲ. ನೋಡುವವರ ಇರುವಿಕೆಯೇ ನೋಡುವ ವಿಷಯವನ್ನು ಬದಲಿಸುತ್ತದೆ. ಆದ್ದರಿಂದ ಮೊದಲ ಕೆಲವು ದಿನ ಸುಮ್ಮನೆ ಕುಳಿತು ಬಂದು, ಅವರು ನಮ್ಮನ್ನು ಗಮನಿಸುವುದನ್ನು ಬಿಟ್ಟ ಮೇಲೆ ದಾಖಲಿಸಲು ತೊಡಗುವುದು ರೂಢಿ.

ಸಮೀಕ್ಷೆ ಸುಲಭವೆಂದು ವಿದ್ಯಾರ್ಥಿಗಳು ಭಾವಿಸುತ್ತಾರೆ, ಏಕೆಂದರೆ ಗೂಗಲ್ ಫಾರ್ಮ್ ಮಾಡಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಸಂಜೆಯೊಳಗೆ ಉತ್ತರಗಳು ಬಂದಿರುತ್ತವೆ. ನನ್ನ ದೃಷ್ಟಿಯಲ್ಲಿ ಎಲ್ಲ ವಿಧಾನಗಳಲ್ಲಿ ಕೆಡಿಸಲು ಅತ್ಯಂತ ಸುಲಭವಾದದ್ದು ಇದೇ. ‘ನೀವು ಬೆಳಗಿನ ಜಾವ ಬೇಗ ಎದ್ದು ಮನಸ್ಸಿಟ್ಟು ಓದುತ್ತೀರಾ?’ ಎಂದು ಒಂದು ಗುಂಪಿನವರು ಪ್ರಶ್ನೆ ಬರೆದು ತಂದಿದ್ದರು. ಇದರಲ್ಲಿ ಎರಡು ಪ್ರಶ್ನೆಗಳು ಸೇರಿಕೊಂಡಿವೆ. ಬೇಗ ಎಂದರೆ ಎಷ್ಟು ಹೊತ್ತಿಗೆ ಎಂಬುದು ಒಬ್ಬೊಬ್ಬರಿಗೆ ಒಂದೊಂದು ಬಗೆ. ಎಲ್ಲಕ್ಕಿಂತ ಮುಖ್ಯವಾಗಿ, ಒಳ್ಳೆಯ ಉತ್ತರ ಯಾವುದು ಎಂಬುದು ಪ್ರಶ್ನೆಯಲ್ಲೇ ಇದೆ. ತಾಯಿ ಬಾಗಿಲ ಬಳಿ ನಿಂತಿರುವಾಗ ಇಲ್ಲ ಎನ್ನುವ ಮಗು ಯಾವುದು? ಅದನ್ನು ತಿದ್ದಿ, ‘ನಿನ್ನೆ ನೀವು ಎಷ್ಟು ಗಂಟೆಗೆ ಎದ್ದಿರಿ? ಎದ್ದ ಮೇಲೆ ಮೊದಲ ಒಂದು ಗಂಟೆಯಲ್ಲಿ ಏನೇನು ಮಾಡಿದಿರಿ?’ ಎಂದು ಬರೆದೆವು. ನಿನ್ನೆಯ ಬಗ್ಗೆ ಕೇಳಿದರೆ ನೆನಪಿನಿಂದ ಉತ್ತರ ಬರುತ್ತದೆ. ಸಾಮಾನ್ಯವಾಗಿ ಎಂದು ಕೇಳಿದರೆ ಆದರ್ಶದಿಂದ ಉತ್ತರ ಬರುತ್ತದೆ.

ಪ್ರಶ್ನೆಯ ಒಂದು ಪದ ಉತ್ತರವನ್ನು ಎಷ್ಟು ಎಳೆಯಬಲ್ಲದು ಎಂಬುದನ್ನು ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ತೋರಿಸಿದರು. ಕಾರುಗಳ ಡಿಕ್ಕಿಯ ಒಂದೇ ಬಗೆಯ ಚಿತ್ರಗಳನ್ನು ನೋಡಿದವರಲ್ಲಿ, ಕಾರುಗಳು ‘ಅಪ್ಪಳಿಸಿದಾಗ’ ವೇಗ ಎಷ್ಟಿತ್ತು ಎಂದು ಕೇಳಿಸಿಕೊಂಡವರ ಸರಾಸರಿ ಅಂದಾಜು ಗಂಟೆಗೆ 40 ಮೈಲಿಯ ಆಸುಪಾಸಿತ್ತು, ‘ತಾಗಿದಾಗ’ ಎಂದು ಕೇಳಿಸಿಕೊಂಡವರದು 31.8 ಮೈಲಿ. ಕಣ್ಣಾರೆ ಕಂಡದ್ದರ ಬಗ್ಗೆಯೇ ಹೀಗಾದರೆ, ತಮ್ಮ ಅಭ್ಯಾಸಗಳ ಬಗ್ಗೆ ಜನ ಹೇಳುವ ಮಾತು ಇನ್ನೆಷ್ಟು ಬಾಗಬಹುದು. ಹೇಳುವುದಕ್ಕೂ ಮಾಡುವುದಕ್ಕೂ ನಡುವಿನ ಅಂತರವನ್ನು 1934ರಲ್ಲಿ ಪ್ರಕಟವಾದ ರಿಚರ್ಡ್ ಲಾಪಿಯರ್ ಅವರ ಅಧ್ಯಯನ ದಾಖಲಿಸಿದೆ. ಚೀನೀಯರ ಬಗ್ಗೆ ದ್ವೇಷ ವ್ಯಾಪಕವಾಗಿದ್ದ ಅಮೆರಿಕದಲ್ಲಿ ಆತ ಚೀನೀ ದಂಪತಿಯೊಂದಿಗೆ 250ಕ್ಕೂ ಹೆಚ್ಚು ಹೋಟೆಲು, ವಸತಿಗೃಹಗಳಿಗೆ ಹೋದ. ಸತ್ಕರಿಸಲು ನಿರಾಕರಿಸಿದ್ದು ಒಂದೇ ಕಡೆ. ತಿಂಗಳುಗಳ ನಂತರ ಅದೇ ಸ್ಥಳಗಳಿಗೆ ಪತ್ರ ಬರೆದು ಚೀನೀಯರನ್ನು ಸೇರಿಸುತ್ತೀರಾ ಎಂದು ಕೇಳಿದಾಗ, ಉತ್ತರಿಸಿದವರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಇಲ್ಲ ಎಂದರು. ಪತ್ರವನ್ನಷ್ಟೇ ನಂಬಿದ್ದರೆ ಒಂದು ಚಿತ್ರ, ಪ್ರಯಾಣವನ್ನಷ್ಟೇ ನಂಬಿದ್ದರೆ ಇನ್ನೊಂದು.

ಉತ್ತರಗಳ ಸಂಖ್ಯೆ ದೊಡ್ಡದಿದ್ದರೆ ಸಾಕೆಂಬ ಭ್ರಮೆಗೆ 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆ ಉತ್ತರ ಕೊಟ್ಟಿದೆ. ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆ 20 ಲಕ್ಷಕ್ಕೂ ಹೆಚ್ಚು ಉತ್ತರಗಳನ್ನು ಕಲೆಹಾಕಿ ರೂಸ್‌ವೆಲ್ಟ್ ಅವರ ಎದುರಾಳಿ ಲ್ಯಾಂಡನ್ ಗೆಲ್ಲುತ್ತಾರೆಂದಿತು. 48 ರಾಜ್ಯಗಳಲ್ಲಿ 46ನ್ನು ರೂಸ್‌ವೆಲ್ಟ್ ಗೆದ್ದರು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಉತ್ತರಿಸುವವರು ಯಾರು, ಉತ್ತರಿಸದವರು ಯಾರು ಎಂಬುದು ಎಷ್ಟು ಮಂದಿ ಉತ್ತರಿಸಿದರು ಎಂಬುದಕ್ಕಿಂತ ಮುಖ್ಯ.

ಸರಿಯಾದ ಪ್ರಶ್ನಾವಳಿ, ಸರಿಯಾದ ಮಾದರಿ (ಎಲ್ಲರ ಪರವಾಗಿ ಆಯ್ದ ಜನರ ಗುಂಪು) ಎರಡೂ ಇವೆ ಎಂದುಕೊಳ್ಳೋಣ. ಬೇಗ ಏಳುವವರಿಗೆ ಹೆಚ್ಚು ಅಂಕ ಬಂದಿದೆ ಎಂದೂ ಕಂಡುಬಂತೆನ್ನೋಣ. ಇದು ಸಹಸಂಬಂಧ. ಇದನ್ನು -1ರಿಂದ +1ರವರೆಗಿನ ಗುಣಾಂಕದಲ್ಲಿ ಹೇಳುತ್ತಾರೆ: ಎರಡೂ ಒಟ್ಟಿಗೆ ಏರಿದರೆ +1ರ ಕಡೆಗೆ, ಒಂದು ಏರಿದಂತೆ ಇನ್ನೊಂದು ಇಳಿದರೆ -1ರ ಕಡೆಗೆ. ಇಲ್ಲಿಗೆ ಬಂದು ನಿಂತಾಗಲೇ ಮನಸ್ಸು ಅತ್ಯಂತ ವೇಗವಾಗಿ ಜಿಗಿಯುವುದು: ಬೇಗ ಏಳುವುದರಿಂದಲೇ ಅಂಕ ಬಂತು! ನಮ್ಮ ಊರಿನ ಮನೆಗಳನ್ನು ಕಣ್ಣ ಮುಂದೆ ತಂದುಕೊಂಡು ಯೋಚಿಸಿದರೆ ಬೇರೆ ವಿವರಣೆಗಳು ಸಾಲುಸಾಲಾಗಿ ಬರುತ್ತವೆ. ಓದಿನಲ್ಲಿ ಆಸಕ್ತಿ ಇರುವ ಹುಡುಗ ಬೇಗ ಏಳುತ್ತಾನೆ. ಅಂಕ ತಂದದ್ದು ಆಸಕ್ತಿ. ಮಗಳನ್ನು ಎಬ್ಬಿಸಿ, ಕಾಫಿ ಕೊಟ್ಟು, ಜೊತೆಗೆ ಕುಳಿತುಕೊಳ್ಳಲು ಬಿಡುವಿರುವ ತಾಯಿ ಇರುವ ಮನೆಯಲ್ಲಿ ಟ್ಯೂಷನ್ನಿಗೂ ಹಣವಿರುತ್ತದೆ. ಬೇಗ ಏಳುವವರು ಬೇಗ ಮಲಗಿರುತ್ತಾರೆ. ಅಂಕ ತಂದದ್ದು ಮೊಬೈಲ್ ಇಲ್ಲದ ರಾತ್ರಿ. ಇದಕ್ಕೆ ತಿರುಗುಮುರುಗಾದದ್ದೂ ಉಂಟು: ಮಂಡಕ್ಕಿ ಭಟ್ಟಿಯ ಕೆಲಸಕ್ಕೆ ನಸುಕಿನಲ್ಲೇ ತಂದೆಯೊಂದಿಗೆ ಹೊರಡುವ ಹುಡುಗನೂ ಬೇಗ ಏಳುತ್ತಾನೆ, ಆದರೆ ಆ ಹೊತ್ತು ಅವನ ಓದಿಗೆ ಸಿಗುವುದಿಲ್ಲ. ಹೆಣ್ಣುಮಕ್ಕಳ ವಿಷಯ ತರಗತಿಯಲ್ಲಿ ಹುಡುಗಿಯರೇ ಎತ್ತಿದರು. ನಲ್ಲಿ ನೀರು ಬರುವ ದಿನ ನೀರು ತುಂಬುವುದು, ಅಂಗಳ ಗುಡಿಸುವುದು, ಅಡುಗೆಗೆ ಕೈಜೋಡಿಸುವುದು ಎಲ್ಲವೂ ಅದೇ ಗಂಟೆಗೆ. ಎದ್ದ ಸಮಯವನ್ನು ಮಾತ್ರ ಕೇಳುವ ಪ್ರಶ್ನಾವಳಿ ಈ ಮೂವರನ್ನೂ ಒಂದೇ ಸಾಲಿನಲ್ಲಿ ಕೂರಿಸುತ್ತದೆ. ನಿನ್ನೆಯ ಮೊದಲ ಗಂಟೆಯಲ್ಲಿ ಏನು ಮಾಡಿದಿರಿ ಎಂಬ ಪ್ರಶ್ನೆಯನ್ನು ನಾವು ಉಳಿಸಿಕೊಂಡದ್ದು ಅವರ ಈ ಮಾತಿನಿಂದಲೇ.

ಇಷ್ಟೊಂದು ಬೇರೆ ಕಾರಣಗಳಲ್ಲಿ ಒಂದೊಂದನ್ನೇ ಅಳೆದು ತೆಗೆಯುತ್ತ ಹೋದರೂ, ನಮಗೆ ಹೊಳೆಯದ ಕಾರಣ ಉಳಿದೇ ಇರುತ್ತದೆ. ಪ್ರಯೋಗದ ಶಕ್ತಿ ಇರುವುದು ಇಲ್ಲಿ. ಯಾರು ಬೆಳಿಗ್ಗೆ ಓದಬೇಕು, ಯಾರು ರಾತ್ರಿ ಓದಬೇಕು ಎಂಬುದನ್ನು ವಿದ್ಯಾರ್ಥಿಯ ಇಷ್ಟಕ್ಕೂ ಬಿಡದೆ, ನಮ್ಮ ಇಷ್ಟಕ್ಕೂ ಬಿಡದೆ, ಚೀಟಿ ಎತ್ತಿ ನಿರ್ಧರಿಸುತ್ತೇವೆ. ಆಗ ಆಸಕ್ತಿ ಉಳ್ಳವರು, ಹಣವಿರುವ ಮನೆಯವರು, ಬೇಗ ಮಲಗುವ ರೂಢಿಯವರು, ನಾವು ಯೋಚಿಸಿಯೇ ಇರದ ಇನ್ಯಾವುದೋ ಗುಣದವರು ಎರಡೂ ಗುಂಪುಗಳಿಗೆ ಸರಿಸುಮಾರಾಗಿ ಹಂಚಿಹೋಗುತ್ತಾರೆ. ಗುಂಪು ದೊಡ್ಡದಾದಷ್ಟೂ ಈ ಹಂಚಿಕೆ ಸಮವಾಗುತ್ತದೆ. ಗೊತ್ತಿಲ್ಲದ ಕಾರಣಗಳನ್ನೂ ಸರಿದೂಗಿಸಬಲ್ಲ ಉಪಾಯ ಇದೊಂದೇ ಎಂಬುದು ನನಗೆ ಇಂದಿಗೂ ವಿಸ್ಮಯವೆನಿಸುತ್ತದೆ. ಹಾಜರಿ ಪಟ್ಟಿಯ ಮೊದಲರ್ಧ ಒಂದು ಗುಂಪು, ಉಳಿದರ್ಧ ಇನ್ನೊಂದು ಗುಂಪು ಎಂದು ಮಾಡಿದರೆ ಇದು ಸಿದ್ಧಿಸುವುದಿಲ್ಲ. ಚೀಟಿಗಳನ್ನು ಒಂದೇ ಅಳತೆಗೆ ಕತ್ತರಿಸಿ, ಒಂದೇ ರೀತಿ ಮಡಿಸಿ, ಸ್ಟೀಲ್ ಡಬ್ಬಿಯಲ್ಲಿ ಹಾಕಿ ಕುಲುಕಿ, ಯಾರಿಗೂ ಮತ್ತೆ ಬದಲಿಸಿಕೊಳ್ಳಲು ಅವಕಾಶ ಕೊಡದೆ ಎತ್ತಿಸಬೇಕು.

ಉಳಿದ ವಿನ್ಯಾಸ ಹೀಗಾಯಿತು. ರಾತ್ರಿಯ ಗುಂಪು 9ರಿಂದ 10.30ರವರೆಗೆ ಓದಿ 11ಕ್ಕೆ ಮಲಗಿ 6ಕ್ಕೆ ಏಳುತ್ತದೆ. ಬೆಳಗಿನ ಗುಂಪು 9.30ಕ್ಕೆ ಮಲಗಿ 4.30ಕ್ಕೆ ಎದ್ದು 4.45ರಿಂದ 6.15ರವರೆಗೆ ಓದುತ್ತದೆ. ಇಬ್ಬರಿಗೂ ಏಳು ಗಂಟೆ ನಿದ್ದೆ, ಒಂದೂವರೆ ಗಂಟೆ ಓದು. ಓದಿಗೆ ಕೊಡುವ ಗದ್ಯಭಾಗದ ಬಗ್ಗೆ ಬಹಳ ಚರ್ಚೆ ನಡೆಯಿತು. ಮೊದಲು ಯಾರೋ ಚಿತ್ರದುರ್ಗದ ಕೋಟೆಯ ಇತಿಹಾಸ ಕೊಡೋಣವೆಂದರು. ದುರ್ಗದ ಕಡೆಯಿಂದ ಬಂದ ಮಕ್ಕಳಿಗೆ ಏಳು ಸುತ್ತಿನ ಕೋಟೆಯ ಕಥೆ ಮೊದಲೇ ಗೊತ್ತಿರುತ್ತದೆ. ವಾಣಿವಿಲಾಸ ಸಾಗರದ ಬಗ್ಗೆ ಎಂದರೆ ಹಿರಿಯೂರಿನವರಿಗೆ ಅನುಕೂಲ. ಕೊನೆಗೆ ಯಾರಿಗೂ ಹತ್ತಿರವಲ್ಲದ ಆಳಸಮುದ್ರದ ಜೀವಿಗಳ ಬಗ್ಗೆ ಬರೆಯುವುದೆಂದಾಯಿತು. ಪರೀಕ್ಷೆಯನ್ನು ವಾರದ ನಂತರ, ಎರಡೂ ಗುಂಪುಗಳಿಗೆ ಒಂದೇ ಕೋಣೆಯಲ್ಲಿ, ಹಗಲು ಹನ್ನೊಂದು ಗಂಟೆಗೆ ಇಡುವುದು. ಓದಿನ ಸಮಯ ಇಲ್ಲಿ ಸ್ವತಂತ್ರ ಚರ, ಅಂದರೆ ನಾವು ಬದಲಿಸುವ ಅಂಶ; ನೆನಪಿನಲ್ಲುಳಿದ ಅಂಶಗಳ ಸಂಖ್ಯೆ ಅವಲಂಬಿತ ಚರ, ಅಂದರೆ ನಾವು ಅಳೆಯುವ ಅಂಶ; ಉಳಿದದ್ದೆಲ್ಲ ಸಮನಾಗಿಡಬೇಕಾದದ್ದು.

ಎಲ್ಲವನ್ನೂ ಸಮನಾಗಿಡುವುದು ಎಷ್ಟು ಕಷ್ಟ ಎಂಬುದಕ್ಕೆ ಇದೇ ವಿಷಯದ ಒಂದು ಹೆಸರಾಂತ ಪ್ರಯೋಗವಿದೆ. 1924ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಇಬ್ಬರು ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಕಲಿಸಿ, ಒಂದು, ಎರಡು, ನಾಲ್ಕು, ಎಂಟು ಗಂಟೆಗಳ ನಂತರ ಪರೀಕ್ಷಿಸಿದರು. ನಡುವಿನ ಹೊತ್ತನ್ನು ನಿದ್ದೆಯಲ್ಲಿ ಕಳೆದಾಗ ಎಚ್ಚರವಾಗಿ ಕಳೆದದ್ದಕ್ಕಿಂತ ಬಹಳ ಹೆಚ್ಚು ನೆನಪಿತ್ತು. ನಿದ್ದೆ ನೆನಪನ್ನು ಕಾಯುತ್ತದೆ ಎಂಬ ವಿಚಾರಕ್ಕೆ ಇದು ಬಲವಾದ ಬುನಾದಿಯಾಯಿತು, ಮುಂದಿನ ಅನೇಕ ಅಧ್ಯಯನಗಳು ಅದನ್ನು ಬೆಂಬಲಿಸಿವೆ. ಆದರೆ ಮಲಗುವ ಮುನ್ನ ಕಲಿತದ್ದು ರಾತ್ರಿ, ಎಚ್ಚರವಾಗಿ ಕಳೆದ ಹೊತ್ತಿಗೆ ಮುನ್ನ ಕಲಿತದ್ದು ಬೆಳಿಗ್ಗೆ. ವ್ಯತ್ಯಾಸ ನಿದ್ದೆಯದೋ, ಕಲಿತ ಹೊತ್ತಿನದೋ ಎಂಬುದು ಈ ಒಂದು ಪ್ರಯೋಗದಿಂದ ಬಿಡಿಸಿ ಹೇಳಲಾಗದು. ಈ ಫಲಿತಾಂಶವನ್ನು ಮೇಲುನೋಟಕ್ಕೆ ಓದಿದರೆ ನಮ್ಮೂರಿನ ನಂಬಿಕೆಗೆ ಅದು ಪ್ರತಿಕೂಲವಾಗಿಯೇ ಇದೆ ಎಂಬುದನ್ನೂ ಗಮನಿಸಬೇಕು: ರಾತ್ರಿ ಓದಿ ಒಳ್ಳೆಯ ನಿದ್ದೆ ಮಾಡಿದವರಿಗೆ ಅನುಕೂಲ. ನಾವು ಪರೀಕ್ಷೆಯನ್ನು ವಾರದ ನಂತರ ಇಟ್ಟದ್ದರಿಂದ ಇಬ್ಬರಿಗೂ ನಡುವೆ ಹಲವು ರಾತ್ರಿಗಳ ನಿದ್ದೆ ಸಿಗುತ್ತದೆ. ಆದರೂ ಓದಿದ ಕೂಡಲೇ ಬರುವ ನಿದ್ದೆ ರಾತ್ರಿಯ ಗುಂಪಿಗೆ ಮಾತ್ರ. ಇದನ್ನು ತೆಗೆದುಹಾಕಲು ಬರುವುದಿಲ್ಲ, ಏಕೆಂದರೆ ರಾತ್ರಿ ಓದುವುದೆಂದರೆ ಅದೇ. ವರದಿಯಲ್ಲಿ ಬರೆದಿಡಬೇಕು.

ಇನ್ನೊಂದು ಮೋಸ ಸಂಶೋಧಕರಿಂದಲೇ ಬರುತ್ತದೆ. ಜರ್ಮನಿಯಲ್ಲಿ ಹಾನ್ಸ್ ಎಂಬ ಕುದುರೆ ಗೊರಸು ಬಡಿದು ಲೆಕ್ಕಗಳಿಗೆ ಉತ್ತರ ಹೇಳುತ್ತದೆಂದು ಜನ ಮುಗಿಬಿದ್ದು ನೋಡುತ್ತಿದ್ದರು. ಆಸ್ಕರ್ ಫುಂಗ್‌ಸ್ಟ್ ಎಂಬ ಮನಃಶಾಸ್ತ್ರಜ್ಞ ಪರೀಕ್ಷಿಸಿ 1907ರಲ್ಲಿ ತೋರಿಸಿದ್ದು ಇಷ್ಟು: ಪ್ರಶ್ನೆ ಕೇಳುವವರಿಗೇ ಉತ್ತರ ಗೊತ್ತಿಲ್ಲದಿದ್ದಾಗ ಕುದುರೆಗೂ ಗೊತ್ತಿರಲಿಲ್ಲ. ಸರಿಯಾದ ಸಂಖ್ಯೆ ಬಂದಾಗ ಕೇಳುವವರ ತಲೆ, ಮೈ ತಮಗರಿವಿಲ್ಲದೆ ಕೊಂಚ ಅಲುಗುತ್ತಿತ್ತು, ಕುದುರೆ ಅದನ್ನು ಕಂಡು ಬಡಿತ ನಿಲ್ಲಿಸುತ್ತಿತ್ತು. ಯಾರೂ ಮೋಸ ಮಾಡಿರಲಿಲ್ಲ. 1963ರಲ್ಲಿ ರೋಸೆಂಥಾಲ್ ಮತ್ತು ಫೋಡ್ ಒಂದೇ ತಳಿಯ ಇಲಿಗಳನ್ನು ವಿದ್ಯಾರ್ಥಿಗಳಿಗೆ ಕೊಟ್ಟು, ಕೆಲವರಿಗೆ ನಿಮ್ಮವು ಚುರುಕಾದವು, ಕೆಲವರಿಗೆ ನಿಮ್ಮವು ಮಂದ ಎಂದು ಹೇಳಿದರು. ಚುರುಕೆಂದು ಹೇಳಿದ ಇಲಿಗಳೇ ಹೆಚ್ಚು ಚೆನ್ನಾಗಿ ದಾರಿ ಕಲಿತವು. ಬೆಳಗಿನ ಓದನ್ನು ನಂಬಿ ಬೆಳೆದ ನಮ್ಮ ವಿದ್ಯಾರ್ಥಿಗಳು ಉತ್ತರಪತ್ರಿಕೆ ತಿದ್ದುವಾಗ ಅರ್ಧ ಸರಿಯಾದ ಉತ್ತರಕ್ಕೆ ಯಾವ ಗುಂಪಿನವರಿಗೆ ಅಂಕ ಕೊಟ್ಟಾರು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಆದ್ದರಿಂದ ಪತ್ರಿಕೆಗಳ ಮೇಲೆ ಹೆಸರಿನ ಬದಲು ಸಂಖ್ಯೆ ಇರಬೇಕು, ಸಂಖ್ಯೆಗಳ ಪಟ್ಟಿ ತಿದ್ದದೇ ಇರುವವರ ಬಳಿ ಇರಬೇಕು, ಎಲ್ಲವನ್ನೂ ತಿದ್ದಿ ಅಂಕ ಬರೆದ ಮೇಲೆಯೇ ಪಟ್ಟಿ ತೆರೆಯಬೇಕು. ಓದುವ ವಿದ್ಯಾರ್ಥಿಗಳಿಗೆ ತಾವು ಯಾವ ಗುಂಪು ಎಂಬುದು ಗೊತ್ತಿರುವುದನ್ನು ತಪ್ಪಿಸಲಾಗದು. ಆದರೆ ಯಾವ ಹೊತ್ತು ಮೇಲೆಂದು ನಾವು ಎಣಿಸಿದ್ದೇವೆ ಎಂಬುದನ್ನು ಅವರಿಗೆ ಹೇಳದಿರಬಹುದು.

ಬೆಳಗಿನ ಗುಂಪಿನ ಸರಾಸರಿ ಕೊಂಚ ಹೆಚ್ಚು ಬಂತೆನ್ನೋಣ. ಅದು ಚೀಟಿಯ ಆಟವೇ ಆಗಿರಬಹುದಲ್ಲ? 1935ರಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಇದನ್ನು ಚಹಾದ ಉದಾಹರಣೆಯಿಂದ ವಿವರಿಸಿದ. ಹಾಲು ಮೊದಲು ಹಾಕಿದ ನಾಲ್ಕು, ಚಹಾ ಮೊದಲು ಹಾಕಿದ ನಾಲ್ಕು, ಹೀಗೆ ಎಂಟು ಕಪ್ಪುಗಳನ್ನು ಕಲಸಿ ಇಟ್ಟಾಗ ಎಲ್ಲವನ್ನೂ ಬರೀ ಊಹೆಯಿಂದ ಸರಿಯಾಗಿ ಬೇರ್ಪಡಿಸುವ ಸಾಧ್ಯತೆ 70ರಲ್ಲಿ ಒಂದು. ಏನೂ ವ್ಯತ್ಯಾಸ ಇಲ್ಲದಿದ್ದರೆ ಇಂಥ ಫಲಿತಾಂಶ ಎಷ್ಟು ಸಲ ಬಂದೀತು ಎಂದು ಕೇಳುವುದೇ ಸಂಖ್ಯಾಶಾಸ್ತ್ರದ ಕೆಲಸ. ಸರಾಸರಿ ಮುಚ್ಚಿಡುವುದನ್ನೂ ನೋಡಬೇಕು. ಹೋರ್ನ್ ಮತ್ತು ಆಸ್ಟ್‌ಬರ್ಗ್ 1976ರಲ್ಲಿ ರೂಪಿಸಿದ 19 ಪ್ರಶ್ನೆಗಳ ಪ್ರಶ್ನಾವಳಿ, ಜನರಲ್ಲಿ ಬೆಳಗಿನ ಸ್ವಭಾವದವರೂ ಸಂಜೆಯ ಸ್ವಭಾವದವರೂ ಇರುತ್ತಾರೆಂಬುದನ್ನು ಅಳೆಯುತ್ತದೆ. ಹದಿಹರೆಯದಲ್ಲಿ ದೇಹದ ಗಡಿಯಾರ ತಡರಾತ್ರಿಯ ಕಡೆಗೆ ಸರಿಯುತ್ತದೆಂಬುದೂ ಚೆನ್ನಾಗಿ ದಾಖಲಾಗಿದೆ. ನಾಲ್ಕೂವರೆಗೆ ಏಳಲಾಗದ ಮಗುವನ್ನು ಸೋಮಾರಿ ಎನ್ನುವ ಮುನ್ನ ಪೋಷಕರು ಇದನ್ನು ತಿಳಿಯಬೇಕೆಂದು ನಾನು ಮನಃಪೂರ್ವಕವಾಗಿ ಬಯಸುತ್ತೇನೆ.

ಪ್ರಯೋಗಕ್ಕೆ ಒಗ್ಗದ ಪ್ರಶ್ನೆಗಳೂ ಬಹಳ ಇವೆ. ಚಳ್ಳಕೆರೆ, ಮೊಳಕಾಲ್ಮೂರಿನ ಕಡೆ ಬರ ಬಂದಾಗ ಮನೆಯವರ ಮನಸ್ಸಿನ ಮೇಲಾಗುವ ಪರಿಣಾಮವನ್ನು ತಿಳಿಯಲು ಚೀಟಿ ಎತ್ತಿ ಬರ ಹಂಚಲಾಗದು. ಬಿಹಾರದಲ್ಲಿ 1934ರಲ್ಲಿ ಭೂಕಂಪವಾದಾಗ ಪಟ್ನಾದ ಜಮುನಾ ಪ್ರಸಾದ್ ಜನರಲ್ಲಿ ಹರಡಿದ ವದಂತಿಗಳನ್ನು ಸಂಗ್ರಹಿಸಿ ಅಧ್ಯಯನ ಮಾಡಿದರು. ನಡುಕ ಅನುಭವಿಸಿದರೂ ಹಾನಿಯಾಗದ ಕಡೆಗಳಲ್ಲಿ ಇನ್ನೂ ಭೀಕರವಾದುದು ಬರಲಿದೆ ಎಂಬ ವದಂತಿಗಳು ಹಬ್ಬಿದ್ದವು. ಅಮೆರಿಕದ ಲಿಯಾನ್ ಫೆಸ್ಟಿಂಗರ್ ಮುಂದೆ, ಒಂದಕ್ಕೊಂದು ಹೊಂದದ ನಂಬಿಕೆಗಳನ್ನು ಮನಸ್ಸು ಹೊಂದಿಸಿಕೊಳ್ಳಲು ಯತ್ನಿಸುತ್ತದೆ ಎಂಬ ತನ್ನ ಹೆಸರಾಂತ ಸಿದ್ಧಾಂತವನ್ನು ಕಟ್ಟಿದ್ದಕ್ಕೆ ಈ ಭಾರತೀಯ ಅಧ್ಯಯನ ಪ್ರೇರಣೆಯಾಯಿತು. ಕಣ್ಣೆದುರಿಗೆ ನಡೆದದ್ದನ್ನು ಶ್ರದ್ಧೆಯಿಂದ ದಾಖಲಿಸುವುದು ಪ್ರಯೋಗಕ್ಕಿಂತ ಕೀಳೆಂದು ಯಾರೂ ತಿಳಿಯಬಾರದು.

ಮಕ್ಕಳನ್ನು ಒಳಗೊಳ್ಳುವಾಗ ಮಾಡಬಹುದೇ ಎಂಬ ಪ್ರಶ್ನೆ ಮೊದಲು ಬರಬೇಕು. 1920ರಲ್ಲಿ ವಾಟ್ಸನ್ ಮತ್ತು ರೇನರ್ ಆಲ್ಬರ್ಟ್ ಎಂದು ಕರೆದ ಶಿಶುವಿನಲ್ಲಿ ಬಿಳಿ ಇಲಿಯ ಭಯ ಹುಟ್ಟಿಸಿ, ಅದನ್ನು ನಿವಾರಿಸದೆ ಬಿಟ್ಟರು. 1963ರಲ್ಲಿ ಪ್ರಕಟವಾದ ಸ್ಟಾನ್ಲಿ ಮಿಲ್ಗ್ರಾಂ ಅವರ ಪ್ರಯೋಗದಲ್ಲಿ 40 ಮಂದಿಯಲ್ಲಿ 26 ಮಂದಿ ಇನ್ನೊಬ್ಬರಿಗೆ 450 ವೋಲ್ಟಿನವರೆಗೆ ವಿದ್ಯುದಾಘಾತ ಕೊಡುತ್ತಿದ್ದೇವೆಂದು ನಂಬಿಯೂ ಗುಂಡಿ ಒತ್ತಿದರು, ಒತ್ತುವಾಗ ಬೆವೆತರು, ನಡುಗಿದರು. ಇಂದು ಇವುಗಳಿಗೆ ಅನುಮತಿ ಸಿಗುವುದಿಲ್ಲ. ನಮ್ಮ ಪ್ರಯೋಗ ನಿರುಪದ್ರವಿ ಎನಿಸಬಹುದು, ಆದರೂ ಪರೀಕ್ಷೆಯ ತಿಂಗಳುಗಳಲ್ಲಿ ಯಾರ ನಿದ್ದೆಯ ಸಮಯವನ್ನೂ ಬದಲಿಸಕೂಡದು. ಹದಿನೆಂಟು ತುಂಬದವರಾದರೆ ಪೋಷಕರ ಲಿಖಿತ ಒಪ್ಪಿಗೆಯ ಜೊತೆಗೆ ಮಗುವಿನ ಸಮ್ಮತಿಯೂ ಬೇಕು. ಯಾವ ದಿನ ಬೇಕಾದರೂ ಕಾರಣ ಹೇಳದೆ ಬಿಡಬಹುದು ಎಂಬ ಸಾಲು ಒಪ್ಪಿಗೆಪತ್ರದಲ್ಲಿ ದೊಡ್ಡ ಅಕ್ಷರದಲ್ಲಿರಬೇಕು. ಪಾಠ ಮಾಡುವ ಅಧ್ಯಾಪಕರೇ ಕೇಳಿದರೆ ವಿದ್ಯಾರ್ಥಿ ಇಲ್ಲ ಎನ್ನಲಾರ. ಆದ್ದರಿಂದ ಒಪ್ಪಿಗೆ ಕೇಳುವವರು ಅವರ ಅಂಕ ತಿದ್ದದೇ ಇರುವ ಬೇರೆಯವರಾಗಬೇಕು.

ಇಷ್ಟೆಲ್ಲ ಎಚ್ಚರ ವಹಿಸಿದ ಒಂದು ಪ್ರಯೋಗದ ಫಲಿತಾಂಶವೂ ಕೊನೆಯ ಮಾತಲ್ಲ. 2015ರಲ್ಲಿ ಸಂಶೋಧಕರ ದೊಡ್ಡ ತಂಡವೊಂದು ಪ್ರತಿಷ್ಠಿತ ಮನಃಶಾಸ್ತ್ರ ಪತ್ರಿಕೆಗಳ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿತು. ಮೂಲದಲ್ಲಿ ಶೇ. 97ರಷ್ಟು ಅಧ್ಯಯನಗಳು ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಗಣನೀಯವಾದ ಫಲಿತಾಂಶ ತೋರಿಸಿದ್ದರೆ, ಮರುಪ್ರಯೋಗದಲ್ಲಿ ಶೇ. 36 ಮಾತ್ರ ತೋರಿಸಿದವು. ಅದೇ ವರ್ಷ ಮರ್ರೆ ಮತ್ತು ಡ್ರೋಸ್ ಎಬಿಂಗ್‌ಹೌಸನ ಪ್ರಯೋಗವನ್ನು ಒಬ್ಬರ ಮೇಲೆ ಮರಳಿ ಮಾಡಿದಾಗ, 130 ವರ್ಷ ಹಳೆಯ ಮರೆವಿನ ರೇಖೆ ಬಹುಪಾಲು ಹಾಗೆಯೇ ಮೂಡಿತು. ಇನ್ನು, ಹೆನ್ರಿಕ್ ಮತ್ತು ಸಂಗಡಿಗರು 2010ರಲ್ಲಿ ಎತ್ತಿ ತೋರಿಸಿದಂತೆ, ಮನಃಶಾಸ್ತ್ರದ ಬಹುಪಾಲು ಸಾಕ್ಷ್ಯ ಬಂದಿರುವುದು ಪಾಶ್ಚಾತ್ಯ, ಶ್ರೀಮಂತ ದೇಶಗಳ ವಿದ್ಯಾರ್ಥಿಗಳಿಂದ. ನೆನಪು, ನಿದ್ದೆ, ಓದಿನ ಬಗ್ಗೆ ಅಲ್ಲಿ ಕಂಡದ್ದು ಹರಿಹರದ ಹಾಸ್ಟೆಲಿನಲ್ಲೂ ಹೊಸದುರ್ಗದ ತೆಂಗಿನ ತೋಟದ ಮನೆಯಲ್ಲೂ ಹಾಗೆಯೇ ಇದೆಯೇ ಎಂಬುದನ್ನು ಇಲ್ಲಿಯವರೇ ನೋಡಬೇಕು.

ನಮ್ಮ ವಿನ್ಯಾಸ ಸದ್ಯ ಕಾಗದದ ಮೇಲಿದೆ. ಹೊಸ ಶೈಕ್ಷಣಿಕ ವರ್ಷದ ಮೊದಲ ತಿಂಗಳುಗಳಲ್ಲಿ, ಪರೀಕ್ಷೆಗಳು ದೂರವಿರುವಾಗ, ಪದವಿ ವಿದ್ಯಾರ್ಥಿಗಳೊಂದಿಗೆ ಮಾಡುವುದೆಂದು ನಿಶ್ಚಯಿಸಿದ್ದೇವೆ. ಗದ್ಯಭಾಗ, ಪ್ರಶ್ನೆಗಳು, ಅಂಕ ಕೊಡುವ ನಿಯಮ, ಒಪ್ಪಿಗೆಪತ್ರ ಎಲ್ಲವೂ ಕನ್ನಡದಲ್ಲಿ ಸಿದ್ಧವಾಗುತ್ತಿವೆ. ಚಿತ್ರದುರ್ಗ, ಹರಿಹರ, ಚನ್ನಗಿರಿಯ ಕಾಲೇಜುಗಳಲ್ಲಿ ಮನಃಶಾಸ್ತ್ರ ಕಲಿಸುವ ಗೆಳೆಯರು ಇದನ್ನೇ ತಮ್ಮಲ್ಲಿ ಮಾಡಲು ಮುಂದೆ ಬಂದರೆ ಹಾಳೆಗಳನ್ನು ಸಂತೋಷದಿಂದ ಕಳುಹಿಸುತ್ತೇನೆ. ಎರಡೇ ಷರತ್ತು: ಏನನ್ನು ನಿರೀಕ್ಷಿಸುತ್ತೀರಿ, ಯಾವ ಲೆಕ್ಕದಿಂದ ತೀರ್ಮಾನಿಸುತ್ತೀರಿ ಎಂಬುದನ್ನು ಚೀಟಿ ಎತ್ತುವ ಮೊದಲೇ ದಿನಾಂಕ ಹಾಕಿ ಬರೆದಿಡಬೇಕು, ಫಲಿತಾಂಶ ಎರಡೂ ಗುಂಪು ಸಮ ಎಂದು ಬಂದರೂ, ರಾತ್ರಿಯ ಗುಂಪು ಮೇಲೆ ಎಂದು ಬಂದರೂ, ಬಂದದ್ದನ್ನು ಬಂದ ಹಾಗೆಯೇ ಕಳುಹಿಸಬೇಕು.